ಓದುಗರ ಪ್ರಶ್ನೆ: ಪ್ರೇಮಕಾದಂಬರಿಯೂ ಪ್ರಾರ್ಥನೆಯೂ ಒಂದೇ ಕಪಾಟಿನಲ್ಲಿ

ಪ್ರಶ್ನೆ: ಮೇಡಂ, ನನಗೆ ಎರಡು ಬಗೆಯ ಪುಸ್ತಕಗಳೆಂದರೆ ಪ್ರಾಣ. ಒಂದು, ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನಲ್ಲಿ ನಡೆಯುವ ಪ್ರೇಮಕಾದಂಬರಿಗಳು. ಇನ್ನೊಂದು, ಕ್ರೈಸ್ತ ವಿಶ್ವಾಸದ ಪುಸ್ತಕಗಳು: ಸಂತರ ಆತ್ಮಕಥೆ, ಧ್ಯಾನದ ಬರಹ, ಸೆರೆಮನೆಯಿಂದ ಬರೆದ ಪತ್ರಗಳು. ಹಾಗಿದ್ದ ಮೇಲೆ ಎರಡನ್ನೂ ಬೆರೆಸಿ ಬರೆದ ಕ್ರೈಸ್ತ ಪ್ರೇಮಕಾದಂಬರಿ ನನಗೆ ಇನ್ನೂ ಹೆಚ್ಚು ಹಿಡಿಸಬೇಕಿತ್ತು. ಕಳೆದ ವರ್ಷ ಏಳೆಂಟು ಓದಿದೆ. ಒಂದೆರಡು ಬಿಟ್ಟರೆ ಉಳಿದವು ಮುಗಿಯುವ ಹೊತ್ತಿಗೆ ಮನಸ್ಸು ಮುದುಡಿತು. ನಾಯಕ ಮೊಣಕಾಲೂರಿ ಪ್ರಾರ್ಥಿಸುವ ಪುಟ ಬಂದಾಗ ನನಗೆ ಏನೂ ಅನ್ನಿಸುವುದಿಲ್ಲ. ನನ್ನ ವಿಶ್ವಾಸವೇ ತಣ್ಣಗಾಗಿದೆಯೇ ಎಂಬ ಭಯ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ವಿಶ್ವಾಸ ತಣ್ಣಗಾಗಿಲ್ಲ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹದಿನಾರನೆಯ ವಯಸ್ಸಿನಿಂದ ನನ್ನೊಳಗೂ ಇರುವ ಪ್ರಶ್ನೆ ಇದು.

ನನ್ನ ತಂದೆ ಸಭಾಪಾಲಕರು. ನಾನು ದಿಂಬಿನ ಕೆಳಗೆ ಬಚ್ಚಿಟ್ಟಿದ್ದ 'ಜೇನ್ ಐರ್' ಒಂದು ದಿನ ಅವರ ಕೈಗೆ ಸಿಕ್ಕಿತು. ಬೈಯುತ್ತಾರೆಂದು ಕಾದೆ. ಅವರು ಏನೂ ಹೇಳದೆ ಪುಸ್ತಕ ತೆಗೆದುಕೊಂಡು ಹೋದರು, ನಾಲ್ಕು ದಿನ ವಾಪಸು ಕೊಡಲಿಲ್ಲ. ಐದನೆಯ ದಿನ ಮೇಜಿನ ಮೇಲಿಟ್ಟು ಒಂದೇ ಪ್ರಶ್ನೆ ಕೇಳಿದರು: "ಆ ಪಾದ್ರಿಗೆ ಅವಳು ಒಲ್ಲೆ ಅಂದದ್ದು ಸರಿಯಾ, ತಪ್ಪಾ?" ನಾನು ಹೆದರಿ "ತಪ್ಪು" ಅಂದೆ. ಪಾದ್ರಿಯ ಮಗಳು ಕೊಡಬೇಕಾದ ಉತ್ತರ ಅದೇ ಅಂದುಕೊಂಡಿದ್ದೆ. "ಇನ್ನೊಂದು ಸಲ ಓದು" ಎಂದು ಪುಸ್ತಕವನ್ನು ನನ್ನ ಕಡೆ ಸರಿಸಿದರು.

1847ರಲ್ಲಿ ಬಂದ ಕಾದಂಬರಿ ಅದು. ಬರೆದ ಶಾರ್ಲಟ್ ಬ್ರಾಂಟೆಯೂ ಪಾದ್ರಿಯ ಮಗಳೇ. ಕಥೆಯಲ್ಲಿ ಜೇನ್‌ಳನ್ನು ಇಬ್ಬರು ಕೇಳುತ್ತಾರೆ. ಮೊದಲನೆಯವನು ರೋಚೆಸ್ಟರ್, ಅವಳು ಜೀವಕ್ಕಿಂತ ಹೆಚ್ಚು ಪ್ರೀತಿಸಿದವನು. ಅವನಿಗೆ ಬದುಕಿರುವ ಹೆಂಡತಿಯಿದ್ದಾಳೆಂಬುದು ಮದುವೆಯ ದಿನ ಚರ್ಚಿನೊಳಗೇ ಬಯಲಾಗುತ್ತದೆ. ಮದುವೆಯಿಲ್ಲದಿದ್ದರೂ ನನ್ನ ಜೊತೆಗಿರು, ನಿನಗೆ ಕೇಳುವವರು ಯಾರಿದ್ದಾರೆ ಎಂದು ಅವನು ಅಂಗಲಾಚುತ್ತಾನೆ. ಅವಳು 20 ಶಿಲಿಂಗ್ ಇದ್ದ ಚೀಲ ಹಿಡಿದು, ಮನೆಯವರೆಲ್ಲ ಮಲಗಿರುವಾಗಲೇ ಹೊರಟುಬಿಡುತ್ತಾಳೆ. ಅಷ್ಟು ದುಡ್ಡಿಗೆ ಕುದುರೆಗಾಡಿ ಎಲ್ಲಿಯವರೆಗೆ ಕರೆದೊಯ್ಯುತ್ತದೋ ಅಲ್ಲಿಯವರೆಗೆ.

ಎರಡನೆಯವನು ಸೇಂಟ್ ಜಾನ್ ರಿವರ್ಸ್. ನಿಷ್ಕಳಂಕ ನಡತೆಯ ಪಾದ್ರಿ, ಮಿಷನರಿಯಾಗಿ ಭಾರತಕ್ಕೆ ಹೊರಟವನು. ಜೇನ್‌ಳಿಗೂ ಹಿಂದೂಸ್ತಾನಿ ಭಾಷೆ ಕಲಿಸತೊಡಗುತ್ತಾನೆ. ಹೆಂಡತಿಯಾಗಿ ಬಾ ಅನ್ನುತ್ತಾನೆ. ಅವಳ ಮೇಲೆ ಪ್ರೀತಿ ಇದ್ದು ಅಲ್ಲ, ಸೇವೆಗೆ ತಕ್ಕವಳೆಂದು. ಜೊತೆಗೆ ಕೆಲಸ ಮಾಡಲು ಬರುತ್ತೇನೆ, ಹೆಂಡತಿಯಾಗಿ ಬರಲಾರೆ ಎಂದು ಅವಳು ಹೇಳಿದಾಗ, ನೀನು ನಿರಾಕರಿಸುತ್ತಿರುವುದು ನನ್ನನ್ನಲ್ಲ, ದೇವರನ್ನು ಅನ್ನುತ್ತಾನೆ. ಆ ಮಾತಿನ ಭಾರಕ್ಕೆ ಜೇನ್ ಒಂದು ಹಂತದಲ್ಲಿ ಹೂಂ ಅನ್ನುವ ಅಂಚಿಗೂ ಬರುತ್ತಾಳೆ. ಆದರೆ ಅನ್ನುವುದಿಲ್ಲ.

ಎರಡನೆಯ ಓದಿನ ನಂತರ ನಾನು ತಂದೆಯ ಹತ್ತಿರ ಹೋಗಿ "ಸರಿ" ಅಂದೆ. ಅವರು, "ದೇವರ ಹೆಸರಿನಲ್ಲಿ ಕೇಳಿದವರೆಲ್ಲ ದೇವರಲ್ಲಮ್ಮ" ಅಂದರು. ತಮ್ಮದೇ ವೃತ್ತಿಯವನೊಬ್ಬನ ಬಗ್ಗೆ ಅವರು ಹೀಗೆ ಹೇಳಿದ್ದು ನನಗೆ ಇವತ್ತಿಗೂ ದೊಡ್ಡ ವಿಷಯ. ಬ್ರಾಂಟೆಯ ದೊಡ್ಡತನವನ್ನೂ ಅವರೇ ತೋರಿಸಿದರು: ಕಾದಂಬರಿಯ ಕೊನೆಯ ಸಾಲುಗಳು ಪ್ರೇಮಿಗಳದ್ದಲ್ಲ. ದೂರದೇಶದಲ್ಲಿ ಸಾವನ್ನು ಎದುರು ನೋಡುತ್ತಿರುವ ಅದೇ ಸೇಂಟ್ ಜಾನ್ ಬರೆದ ಪತ್ರದ್ದು. ಅವಳು ಒಲ್ಲೆ ಅಂದವನನ್ನು ಲೇಖಕಿ ಕೀಳುಮಾಡಲಿಲ್ಲ.

ಆ ಕಾಲದಲ್ಲಿ ಈ 'ಒಲ್ಲೆ'ಯ ತೂಕ ಎಷ್ಟೆಂದು ತಿಳಿಯಲು ಅಂದಿನ ಕಾನೂನು ಸ್ವಲ್ಪ ಗೊತ್ತಿರಬೇಕು. ಇಂಗ್ಲೆಂಡಿನಲ್ಲಿ ಮದುವೆಯಾದ ಕ್ಷಣದಿಂದ ಹೆಣ್ಣಿನ ದುಡ್ಡು, ಒಡವೆ, ಸಂಪಾದನೆ ಎಲ್ಲ ಗಂಡನ ಕೈಗೆ. ಬೇರೆ ಏರ್ಪಾಟನ್ನು ಮೊದಲೇ ಬರೆಸಿಕೊಳ್ಳುವ ಅನುಕೂಲ ಸಿರಿವಂತರಿಗಷ್ಟೇ. 1870ರ ಕಾಯ್ದೆ ಇದನ್ನು ಕೊಂಚ ಸಡಿಲಿಸಿತು, 1882ರ ಕಾಯ್ದೆ ಬಂದ ಮೇಲೆಯೇ ವಿವಾಹಿತೆ ತನ್ನ ಆಸ್ತಿಗೆ ತಾನೇ ಒಡತಿಯಾದದ್ದು. 1857ಕ್ಕೆ ಮೊದಲು, ಮರುಮದುವೆಗೆ ಅವಕಾಶ ಕೊಡುವ ವಿಚ್ಛೇದನ ಬೇಕೆಂದರೆ ಸಂಸತ್ತಿನಲ್ಲಿ ಆ ಒಬ್ಬರಿಗಾಗಿಯೇ ಮಸೂದೆ ಪಾಸಾಗಬೇಕಿತ್ತು. ಅಂದರೆ ಹೂಂ ಅಂದ ಮೇಲೆ ಅವಳ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಒಲ್ಲೆ ಅನ್ನುವ ಮಾತೊಂದೇ ಪೂರ್ತಿ ಅವಳದು. ಒಳ್ಳೆಯ ಐತಿಹಾಸಿಕ ಪ್ರೇಮಕಾದಂಬರಿಯಲ್ಲಿ ಒಂದು ನೃತ್ಯಕ್ಕೆ ಕರೆದಾಗಲೂ ನಮ್ಮ ಎದೆ ಹೊಡೆದುಕೊಳ್ಳುವುದು ಇದಕ್ಕೇ.

ಈಗ ನಿಮ್ಮ ಮನಸ್ಸು ಮುದುಡಿಸಿದ ಪುಸ್ತಕಗಳಿಗೆ ಬರುತ್ತೇನೆ. ಅವುಗಳ ಹೆಸರು ನೀವು ಬರೆದಿಲ್ಲ, ಆದರೆ ಅವುಗಳ ಎಲುಬುಗೂಡು ನನಗೆ ಗೊತ್ತು. ನಾಯಕಿ ವಿಶ್ವಾಸಿ, ನಾಯಕ ಅಲ್ಲ. ಅವಿಶ್ವಾಸಿಗಳೊಂದಿಗೆ ಇಜ್ಜೋಡಾಗಬೇಡಿ, ಅಂದರೆ ಹೊಂದದ ಜೋಡಿಯಾಗಿ ಸೇರಬೇಡಿ ಎಂದು ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮಾತು ನಡುವೆ ನಿಂತಿದೆ. ಹಾಗಾಗಿ ಮದುವೆಯಾಗಬೇಕಾದರೆ ಅವನ ಮನಸ್ಸು ತಿರುಗಲೇಬೇಕು. ಕೊನೆಗೆ ಮೂರು ಅಧ್ಯಾಯ ಇರುವಾಗ ಅವನ ಮಗುವಿಗೆ ಜ್ವರ ಬರುತ್ತದೆ, ಇಲ್ಲವೇ ಕೊಟ್ಟಿಗೆಗೆ ಬೆಂಕಿ ಬೀಳುತ್ತದೆ. ಅವನು ಮೊಣಕಾಲೂರುತ್ತಾನೆ. ಮುಂದಿನ ಅಧ್ಯಾಯದಲ್ಲಿ ಮದುವೆ.

ನಿಮಗೆ ಅಲ್ಲಿ ಏನೂ ಅನ್ನಿಸದಿರುವುದು ಯಾಕೆಂದರೆ, ಆ ಮನುಷ್ಯನಿಗೆ ಒಲ್ಲೆ ಅನ್ನುವ ದಾರಿಯನ್ನು ಲೇಖಕರು ಉಳಿಸಿಯೇ ಇಲ್ಲ. ಒಲ್ಲೆ ಅಂದರೆ ಹುಡುಗಿ ಕೈತಪ್ಪುತ್ತಾಳೆ, ಪುಸ್ತಕ ಕೆಡುತ್ತದೆ. ಪ್ರಾರ್ಥನೆ ಅಲ್ಲಿ ಮದುವೆಮನೆಯ ಬಾಗಿಲಲ್ಲಿ ಕಟ್ಟುವ ಸುಂಕ. ವಿಶ್ವಾಸವೆಂದರೇನೆಂದು ಬಲ್ಲವರಿಗೇ ಇದು ಹೆಚ್ಚು ನೋಯುವುದು. ನಿಮಗೆ ನೋವಾಗಿದೆ, ಅದಕ್ಕೇ ಭಯಬೇಡ ಅಂದೆ.

ಇದೇ ಕಥೆಯನ್ನು ಹೇಗೆ ಬರೆಯಬಹುದೆಂದು ನೋಡಬೇಕಾದರೆ ಪೋಲೆಂಡಿನ ಸಿಯೆನ್‌ಕಿಯೆವಿಚ್ ಬರೆದ 'ಕ್ವೊ ವಾಡಿಸ್' ಓದಿ. ಪುಸ್ತಕವಾಗಿ ಬಂದದ್ದು 1896ರಲ್ಲಿ. ಲೇಖಕರಿಗೆ 1905ರಲ್ಲಿ ನೊಬೆಲ್ ಬಂತು. ಕಥೆ ನಡೆಯುವುದು ಕ್ರೈಸ್ತರನ್ನು ಹಿಂಸಿಸಿದ ಚಕ್ರವರ್ತಿ ನೀರೋನ ರೋಮಿನಲ್ಲಿ. ವಿನಿಸಿಯಸ್ ಎಂಬ ಯುವ ಸೇನಾಧಿಕಾರಿ ಲಿಜಿಯಾ ಎಂಬ ಕ್ರೈಸ್ತ ಹುಡುಗಿಗೆ ಮನಸೋಲುತ್ತಾನೆ, ಮತ್ತು ರೋಮಿನ ಪ್ರಬಲರಿಗೆ ಗೊತ್ತಿದ್ದ ಒಂದೇ ದಾರಿ ಹಿಡಿಯುತ್ತಾನೆ: ಅರಮನೆಯ ಆಜ್ಞೆ ತರಿಸಿ ಅವಳನ್ನು ವಶಪಡಿಸಿಕೊಳ್ಳುವುದು. ಅವಳು ತಪ್ಪಿಸಿಕೊಳ್ಳುತ್ತಾಳೆ. ಅವಳನ್ನು ಎತ್ತಿಕೊಂಡು ಬರಲು ಹೋಗಿ ಇವನೇ ಕೈ ಮುರಿದುಕೊಂಡು ಬೀಳುತ್ತಾನೆ, ಆಗ ಶುಶ್ರೂಷೆ ಮಾಡುವವರು ಅವಳ ಜೊತೆಗಿದ್ದ ಕ್ರೈಸ್ತರೇ. ಅಲ್ಲಿಂದಾಚೆ ಅವನು ಬದಲಾಗಲು ನೂರಾರು ಪುಟ ಹಿಡಿಯುತ್ತದೆ. ಇಷ್ಟವಾಗುತ್ತದೆ, ಅರ್ಥವಾಗುವುದಿಲ್ಲ, ಸಿಟ್ಟು ಬರುತ್ತದೆ, ಮತ್ತೆ ಹತ್ತಿರ ಬರುತ್ತಾನೆ. ಅವನು ನಂಬಿದಾಗ ನಾವೂ ನಂಬುತ್ತೇವೆ.

ನಿಮಗೆ ಹಿಡಿಸಿದ "ಒಂದೆರಡರಲ್ಲಿ" ಫ್ರಾನ್ಸಿನ್ ರಿವರ್ಸ್‌ರ 'ರಿಡೀಮಿಂಗ್ ಲವ್' ಇರಬಹುದೆಂದು ನನ್ನ ಊಹೆ. 1991ರ ಕಾದಂಬರಿ. ರಿವರ್ಸ್ ಮೊದಲು ಸಾಮಾನ್ಯ ಪ್ರೇಮಕಾದಂಬರಿಗಳನ್ನೇ ಬರೆಯುತ್ತಿದ್ದವರು, ವಿಶ್ವಾಸಕ್ಕೆ ಬಂದ ಮೇಲೆ ಬರೆದದ್ದು ಇದು. ಬೈಬಲಿನ ಹೋಶೇಯ ಪ್ರವಾದಿಯ ಕಥೆಯನ್ನು 1850ರ ಹೊತ್ತಿನ, ಚಿನ್ನದ ಹುಚ್ಚು ಹಿಡಿದಿದ್ದ ಕ್ಯಾಲಿಫೋರ್ನಿಯಾಕ್ಕೆ ತಂದಿದ್ದಾರೆ. ಬೈಬಲಿನಲ್ಲಿ ಹೋಶೇಯನು ವ್ಯಭಿಚಾರಿಣಿಯಾದ ಹೆಣ್ಣನ್ನು 15 ಬೆಳ್ಳಿನಾಣ್ಯ ಮತ್ತು ಜವೆಗೋಧಿ ಕೊಟ್ಟು ಬಿಡಿಸಿ ತರುತ್ತಾನೆ. ಕಾದಂಬರಿಯ ಮೊದಲರ್ಧದಲ್ಲಿ ನಾಯಕ ಮೈಕೆಲ್, ಏಂಜೆಲ್ ಎಂಬ ಹೆಣ್ಣನ್ನು ಮದುವೆಯಾಗಿ ವೇಶ್ಯಾಗೃಹದಿಂದ ಹೊರಗೆ ತರುವಾಗ ಅವಳು ಪೆಟ್ಟು ತಿಂದು ಅರೆಪ್ರಜ್ಞೆಯಲ್ಲಿರುತ್ತಾಳೆ. ಆ ಭಾಗ ನನ್ನನ್ನು ಇಂದಿಗೂ ಕಾಡುತ್ತದೆ. ಅದು ಸರಿಯೆಂದು ನಾನು ಒಪ್ಪಲಾರೆ. ಆದರೆ ಕೊನೆಯ ಸಲ ಅವಳು ಬಿಟ್ಟುಹೋದಾಗ ಅವನು ಹುಡುಕಿಕೊಂಡು ಹೋಗುವುದಿಲ್ಲ. ವರ್ಷಗಳು ಕಳೆಯುತ್ತವೆ. ಅವಳು ತನ್ನ ಕಾಲ ಮೇಲೆ ನಿಂತು, ತನ್ನಂಥ ಹೆಣ್ಣುಗಳಿಗೊಂದು ಆಸರೆ ಕಟ್ಟಿ, ಆಮೇಲೆ ತಾನಾಗಿ ನಡೆದು ಬರುತ್ತಾಳೆ. ಆ ಪುಟದಲ್ಲಿ ನಾನು ಅತ್ತಿದ್ದೇನೆ. ಅವಳು ಬಾರದೆಯೂ ಇರಬಹುದಿತ್ತಲ್ಲ.

ಪ್ರಶ್ನೆ: ರೀಜೆನ್ಸಿ ಕಾದಂಬರಿಗಳಲ್ಲಿ ಎಲ್ಲಿ ನೋಡಿದರೂ ಡ್ಯೂಕ್. ಅಷ್ಟೊಂದು ಮಂದಿ ನಿಜವಾಗಿ ಇದ್ದರೇ? ಸ್ಕಾಟ್ಲೆಂಡಿಗೆ ಓಡಿಹೋಗಿ ಮದುವೆಯಾಗುವುದೂ ಕಟ್ಟುಕಥೆಯೇ?

ಉತ್ತರ: ಡ್ಯೂಕ್ ಅಂದರೆ ಬ್ರಿಟನ್ನಿನ ಕುಲೀನರಲ್ಲಿ ಎಲ್ಲಕ್ಕಿಂತ ದೊಡ್ಡ ಪದವಿ. ಅಂಥವರು ಅಷ್ಟಿರಲಿಲ್ಲ. ರೀಜೆನ್ಸಿ ಅಂದರೆ 1811ರಿಂದ 1820ರವರೆಗೆ, ಕಾಯಿಲೆಬಿದ್ದ ಮೂರನೆಯ ಜಾರ್ಜ್ ದೊರೆಯ ಬದಲು ಮಗ ಆಳಿದ ಕಾಲ. ರಾಜಮನೆತನದವರನ್ನು ಬಿಟ್ಟರೆ ಆಗ ಇಡೀ ಬ್ರಿಟನ್ನಿನಲ್ಲಿದ್ದ ಡ್ಯೂಕ್‌ಗಳು ಎರಡು ಮೂರು ಡಜನ್ ದಾಟುವುದಿಲ್ಲ. ಅವರಲ್ಲೂ ಮದುವೆಯಾಗದ ಯುವಕರು ಬೆರಳೆಣಿಕೆ.

ಸ್ಕಾಟ್ಲೆಂಡಿನ ಓಟ ಮಾತ್ರ ನಿಜ. 1753ರ ಮದುವೆ ಕಾಯ್ದೆ ಇಂಗ್ಲೆಂಡಿನಲ್ಲಿ ಕಟ್ಟುನಿಟ್ಟು ತಂದಿತು: ಮದುವೆ ಚರ್ಚಿನಲ್ಲೇ ಆಗಬೇಕು, ಮೊದಲು ಮೂರು ಭಾನುವಾರ ಎಲ್ಲರೆದುರು ಪ್ರಕಟಣೆ ಓದಬೇಕು, ಇಲ್ಲವೇ ಲೈಸೆನ್ಸ್ ಪಡೆಯಬೇಕು, 21 ತುಂಬದವರು ಲೈಸೆನ್ಸ್ ಪಡೆಯಲು ಹೆತ್ತವರ ಒಪ್ಪಿಗೆ ಬೇಕು. ಸ್ಕಾಟ್ಲೆಂಡಿಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಗಡಿ ದಾಟಿದ ಕೂಡಲೇ ಸಿಗುವ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಯಲ್ಲಿ ಸಾಕ್ಷಿಗಳೆದುರು ಇಬ್ಬರೂ ಒಪ್ಪಿಗೆ ಹೇಳಿದರೆ ಸಾಕಿತ್ತು.

ಪ್ರಶ್ನೆ: ಹಳೆಯ ಐತಿಹಾಸಿಕ ಪ್ರೇಮಕಾದಂಬರಿಯೊಂದನ್ನು ತೆಗೆದುಕೊಂಡೆ. ನಾಯಕ ನಾಯಕಿಯ ಮೇಲೆ ಬಲಾತ್ಕಾರ ಮಾಡುತ್ತಾನೆ, ಆಮೇಲೆ ಅವಳು ಅವನನ್ನೇ ಪ್ರೀತಿಸುತ್ತಾಳೆ. "ಆ ಕಾಲ ಹಾಗಿತ್ತು" ಎಂದು ಗೆಳತಿ ಸಮಾಧಾನ ಹೇಳಿದಳು. ಒಪ್ಪಬೇಕೇ?

ಉತ್ತರ: ಒಪ್ಪಬೇಡಿ. ಯಾವ ಕಾಲದ ಮಾತು ಅದು? ಈ ಬಗೆಯ ಕಾದಂಬರಿಗಳ ಅಲೆ ಎದ್ದದ್ದು 1972ರಲ್ಲಿ, ಕ್ಯಾಥ್ಲೀನ್ ವುಡಿವಿಸ್‌ರ 'ದ ಫ್ಲೇಮ್ ಅಂಡ್ ದ ಫ್ಲವರ್' ಬಂದ ಮೇಲೆ. ಅದರಲ್ಲೂ ನೀವು ಹೇಳಿದ್ದೇ ಇದೆ. ಅದು ಬರೆದವರ ಕಾಲದ ಆಯ್ಕೆ, ಕಥೆ ನಡೆಯುವ ಕಾಲದ ಬಲವಂತವಲ್ಲ. ಅದೇ ಹಳೆಯ ಕಾಲದಲ್ಲಿ ಕೂತೇ 1813ರಲ್ಲಿ ಜೇನ್ ಆಸ್ಟೆನ್ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯಲ್ಲಿ ತನ್ನ ಎಲಿಜಬೆತ್‌ಳಿಂದ ಸಿರಿವಂತ ಡಾರ್ಸಿಗೆ ಮುಖದ ಮೇಲೆ ಒಲ್ಲೆ ಅನ್ನಿಸಿದಳು. ಅವನು ಆ ಮಾತು ಕೇಳಿಸಿಕೊಂಡ. ಕೇಳಿಸಿಕೊಂಡದ್ದರಿಂದಲೇ ನಾವು ಅವನನ್ನು ಮೆಚ್ಚುತ್ತೇವೆ. ಪುಸ್ತಕ ಮುಚ್ಚಿಡಿ. ಅರ್ಧಕ್ಕೆ ಬಿಡುವುದೂ ಓದುಗರ ಹಕ್ಕು.

ಪ್ರಶ್ನೆ: ಏಳು ತಿಂಗಳ ಹಿಂದೆ ಪತಿ ತೀರಿಹೋದರು. ಪರಿಚಯದವರು ತಂದುಕೊಡುವ ವಿಶ್ವಾಸದ ಪುಸ್ತಕಗಳೆಲ್ಲ "ಎಲ್ಲವೂ ಒಳ್ಳೆಯದಕ್ಕೇ" ಎಂದು ಹೇಳುತ್ತವೆ. ಓದಿದರೆ ಉಸಿರು ಕಟ್ಟುತ್ತದೆ. ದೇವರನ್ನು ಬಿಟ್ಟಿಲ್ಲ, ಆದರೆ ಆ ಪುಸ್ತಕಗಳನ್ನು ಮುಟ್ಟಲಾಗುತ್ತಿಲ್ಲ.

ಉತ್ತರ: ಮುಟ್ಟಬೇಡಿ ಅಮ್ಮ. ನನ್ನ ಪತಿ ಹೋದಾಗಲೂ ಹೀಗೇ ಆಯಿತು. ಆರನೆಯ ವಾರವೋ ಏನೋ, ಅಂಥದೊಂದು ಪುಸ್ತಕದ ಮೊದಲ ಪುಟ ಓದಿ, ಅವರ ಕನ್ನಡಕ ಇಟ್ಟಿದ್ದ ಡ್ರಾಯರಿನಲ್ಲೇ ಹಾಕಿ ಮುಚ್ಚಿದೆ. ಬಹಳ ದಿನ ತೆರೆಯಲಿಲ್ಲ.

ನನಗೆ ಆಗ ಓದಲಾದದ್ದು ಸಿ. ಎಸ್. ಲೂಯಿಸ್‌ರ 'ಎ ಗ್ರೀಫ್ ಅಬ್ಸರ್ವ್ಡ್' ಒಂದೇ. ಚಿಕ್ಕ ಪುಸ್ತಕ, ನಾಲ್ಕೇ ಅಧ್ಯಾಯ. ಲೂಯಿಸ್ ಅಮೆರಿಕದವರಾದ ಜಾಯ್ ಡೇವಿಡ್‌ಮನ್‌ರನ್ನು 1956ರಲ್ಲಿ ರಿಜಿಸ್ಟರ್ ಮದುವೆಯಾದರು, ಅದು ಆಕೆಗೆ ಇಂಗ್ಲೆಂಡಿನಲ್ಲಿ ಉಳಿಯಲು ಅನುಕೂಲವಾಗಲೆಂದು. ಆಮೇಲೆ ಆಕೆಗೆ ಕ್ಯಾನ್ಸರ್ ಎಂದು ತಿಳಿಯಿತು, 1957ರಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಪಾದ್ರಿಯೊಬ್ಬರು ಮತ್ತೆ ಮದುವೆ ನಡೆಸಿದರು. 1960ರಲ್ಲಿ ಆಕೆ ತೀರಿಕೊಂಡರು. ಅದಕ್ಕೆ ಮೊದಲೇ ಲೂಯಿಸ್ ವಿಶ್ವಾಸದ ಬಗ್ಗೆ ರೇಡಿಯೋದಲ್ಲಿ ಮಾತಾಡಿ, ಪುಸ್ತಕ ಬರೆದು ಹೆಸರಾದವರು, ನೋವಿನ ಬಗ್ಗೆಯೂ ಬರೆದವರು. ಹೆಂಡತಿ ಹೋದ ಮೇಲೆ ದೇವರ ಕಡೆ ತಿರುಗಿದಾಗ ಅವರಿಗೆ ಕಂಡದ್ದು ಒಳಗಿನಿಂದ ಅಗುಳಿ ಹಾಕಿಕೊಂಡ ಬಾಗಿಲು. ಹಾಗೆಂದೇ ಬರೆದರು. ದುಃಖ ಭಯದಂತೆಯೇ ಇರುತ್ತದೆಂದು ತನಗೆ ಯಾರೂ ಹೇಳಿರಲಿಲ್ಲ ಅನ್ನುತ್ತಾರೆ. ಅದನ್ನು ಓದಿದ ರಾತ್ರಿ ನನಗೆ ಗೊತ್ತಾಯಿತು, ಹೊಟ್ಟೆಯಲ್ಲಿ ಸದಾ ಮಿಡುಕುತ್ತಿದ್ದದ್ದು ಏನೆಂದು. 1961ರಲ್ಲಿ ಪುಸ್ತಕ ಅಚ್ಚಾದಾಗ ಅವರು ತಮ್ಮ ಹೆಸರನ್ನೂ ಹಾಕಿರಲಿಲ್ಲ, ಬೇರೊಂದು ಹೆಸರಿತ್ತು. ಕೊನೆಯ ಪುಟಗಳಲ್ಲಿ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಆದರೆ ಅಗುಳಿಯ ಸದ್ದು ಮೊದಲಿನಂತೆ ಕೇಳುವುದಿಲ್ಲ. ನನಗೆ ಅಷ್ಟು ಸಾಕಾಯಿತು.

ಸ್ವಲ್ಪ ಶಕ್ತಿ ಬಂದ ಮೇಲೆ, ಆತುರವಿಲ್ಲ, ಕೊರಿ ಟೆನ್ ಬೂಮ್‌ರ 'ದ ಹೈಡಿಂಗ್ ಪ್ಲೇಸ್' ನೋಡಿ. 1971ರ ಪುಸ್ತಕ. ಯಹೂದಿಗಳನ್ನು ಮನೆಯಲ್ಲಿ ಬಚ್ಚಿಟ್ಟದ್ದಕ್ಕೆ ಕೊರಿ ಮತ್ತು ಬೆಟ್ಸಿ ಎಂಬ ಈ ಡಚ್ ಅಕ್ಕತಂಗಿಯರು ನಾಜಿಗಳ ರಾವೆನ್ಸ್‌ಬ್ರೂಕ್ ಸೆರೆಶಿಬಿರ ಸೇರಿದರು. ಬ್ಯಾರಕ್ಕಿನ ತುಂಬ ಚಿಗಟ. ಅಕ್ಕ ಬೆಟ್ಸಿ ಚಿಗಟಗಳಿಗೂ ದೇವರಿಗೆ ಕೃತಜ್ಞತೆ ಹೇಳೋಣ ಅನ್ನುತ್ತಾಳೆ. ತಂಗಿ ಕೊರಿಗೆ ಅದು ಮನಸ್ಸಿಗೆ ಬರುವುದಿಲ್ಲ, ಅಕ್ಕ ಈ ಸಲ ತಪ್ಪಿದಳು ಎಂದೇ ಅಂದುಕೊಳ್ಳುತ್ತಾಳೆ. ಕಾವಲಿನವರು ಚಿಗಟಕ್ಕೆ ಹೇಸಿ ಒಳಗೆ ಕಾಲಿಡುತ್ತಿರಲಿಲ್ಲ, ಹಾಗಾಗಿಯೇ ಅಲ್ಲಿ ಬೈಬಲ್ ಓದಲು ಸಾಧ್ಯವಾಯಿತೆಂಬುದು ಆಮೇಲೆ ಗೊತ್ತಾಗುತ್ತದೆ. ಈ ಪ್ರಸಂಗವನ್ನು ಪ್ರಸಂಗಪೀಠಗಳಿಂದ ಎಷ್ಟೋ ಸಲ ಕೇಳಿದ್ದೇನೆ, ಮತ್ತು ಹೇಳುವವರು ಪ್ರತಿಸಲ ಒಂದನ್ನು ಬಿಟ್ಟುಬಿಡುತ್ತಾರೆ. ಬೆಟ್ಸಿ ಆ ಮಾತನ್ನು ತಾನೇ ಕಚ್ಚಿಸಿಕೊಳ್ಳುತ್ತ ಹೇಳಿದಳು, ಮತ್ತೊಬ್ಬರ ಮನೆಗೆ ಹೋಗಿ ಅವರ ದುಃಖದ ಮೇಲೆ ನಿಂತು ಹೇಳಲಿಲ್ಲ. 1944ರ ಡಿಸೆಂಬರಿನಲ್ಲಿ ಆಕೆ ಅದೇ ಶಿಬಿರದಲ್ಲಿ ಸತ್ತಳು. ಆ ಪುಸ್ತಕದಲ್ಲಿ ಯಾವುದೂ ಅಗ್ಗವಾಗಿ ಸಿಗುವುದಿಲ್ಲ. ನಿಮಗೆ ಪುಸ್ತಕ ತಂದುಕೊಡುವವರು ಪ್ರೀತಿಯಿಂದಲೇ ತರುತ್ತಿದ್ದಾರೆ, ತೆಗೆದಿಡಿ. ಓದಲೇಬೇಕೆಂಬ ಋಣ ನಿಮಗಿಲ್ಲ.

ಪ್ರಶ್ನೆ: ನಾನು ಕ್ರೈಸ್ತನಲ್ಲ. ಆದರೂ ಕ್ರೈಸ್ತ ವಿಶ್ವಾಸದ ಪುಸ್ತಕ ಓದುವ ಆಸೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಕ್ರೈಸ್ತ ಸಂತ ಅಗಸ್ಟೀನರ ಆತ್ಮಕಥೆ 'ಕನ್ಫೆಷನ್ಸ್'. ಹದಿನಾರು ನೂರು ವರ್ಷ ಹಳೆಯದು. ಎರಡನೆಯ ಅಧ್ಯಾಯದಿಂದ ಓದಿ: ಹದಿನಾರರ ಹುಡುಗನಾಗಿದ್ದಾಗ ಗೆಳೆಯರ ಜೊತೆ ಸೇರಿ ಪಿಯರ್ ಹಣ್ಣು ಕದ್ದು, ತಿನ್ನಲೂ ಅಲ್ಲ, ಹಂದಿಗಳಿಗೆ ಎಸೆದದ್ದು. ಯಾಕೆ ಕದ್ದೆ ಎಂದು ಪುಟಗಟ್ಟಲೆ ತನ್ನನ್ನೇ ಕೇಳಿಕೊಳ್ಳುತ್ತಾರೆ. ಆ ಪ್ರಶ್ನೆಗೆ ಮತವಿಲ್ಲ. ಆದರೆ ಆರನೆಯ ಅಧ್ಯಾಯದಲ್ಲಿ ಸ್ವಲ್ಪ ನಿಲ್ಲಿ. ಬಹಳ ವರ್ಷ ಜೊತೆಗಿದ್ದು, ಮಗನನ್ನು ಹೆತ್ತುಕೊಟ್ಟ ಹೆಣ್ಣನ್ನು ಅವರಿಂದ ಬೇರೆಮಾಡಿ ಆಫ್ರಿಕಾಕ್ಕೆ ಕಳಿಸಲಾಗುತ್ತದೆ, ಅವರಿಗೆ ತಕ್ಕ ಸಂಬಂಧವೊಂದು ಕುದುರಿದೆಯೆಂದು. ತನ್ನ ಹೃದಯದಿಂದ ರಕ್ತ ಸುರಿಯಿತು ಎಂದು ಬರೆಯುತ್ತಾರೆ. ಅವಳು ಮತ್ತೊಬ್ಬ ಗಂಡಸನ್ನು ಸೇರುವುದಿಲ್ಲವೆಂದು ಹರಕೆ ಹೊತ್ತು ಹೋದಳೆಂದೂ ಬರೆಯುತ್ತಾರೆ. ಅವಳ ಹೆಸರನ್ನು ಮಾತ್ರ ಬರೆಯಲಿಲ್ಲ. ನಾನು ಆ ಪುಸ್ತಕವನ್ನು ಎಷ್ಟು ಪ್ರೀತಿಸುತ್ತೇನೋ ಅಷ್ಟೇ ಈ ಹೆಸರಿಲ್ಲದ ಸಾಲಿನ ಬಗ್ಗೆ ಅವರೊಡನೆ ಜಗಳವಾಡುತ್ತೇನೆ.

ಪ್ರಶ್ನೆ: ಪ್ರೇಮವೂ ವಿಶ್ವಾಸವೂ ಒಟ್ಟಿಗೆ ಇರುವ, ಕಟ್ಟುಕಥೆಯಲ್ಲದ ಪುಸ್ತಕ ಒಂದನ್ನು ಹೇಳಿ.

ಉತ್ತರ: 'ಲವ್ ಲೆಟರ್ಸ್ ಫ್ರಮ್ ಸೆಲ್ 92'. ಜರ್ಮನಿಯ ಪಾದ್ರಿ ಡೀಟ್ರಿಷ್ ಬಾನ್‌ಹಾಫರ್ ಮತ್ತು ಮಾರಿಯಾ ಫಾನ್ ವೆಡೆಮಾಯರ್ ಬರೆದುಕೊಂಡ ಪತ್ರಗಳು. 1937ರಲ್ಲೇ ಬಾನ್‌ಹಾಫರ್ 'ಅಗ್ಗದ ಕೃಪೆ'ಯ, ಅಂದರೆ ಬದುಕು ಬದಲಿಸದೆ ಕ್ಷಮೆಯನ್ನಷ್ಟೇ ಬಯಸುವ ವಿಶ್ವಾಸದ ವಿರುದ್ಧ, ತೆರಬೇಕಾದ ಬೆಲೆಯ ಬಗ್ಗೆ ಪುಸ್ತಕ ಬರೆದಿದ್ದರು. 1943ರ ಜನವರಿಯಲ್ಲಿ ಇವರ ಮದುವೆ ನಿಶ್ಚಯವಾಯಿತು. ಅವರಿಗೆ 36, ಆಕೆಗೆ 18. ಏಪ್ರಿಲ್ 5ಕ್ಕೆ ಹಿಟ್ಲರನ ಆಡಳಿತ ಅವರನ್ನು ಬಂಧಿಸಿತು. ಮದುವೆ ಆಗಲೇ ಇಲ್ಲ. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯೂರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು.

ದೇವತಾಶಾಸ್ತ್ರ ಹುಡುಕಿಕೊಂಡು ಈ ಪುಸ್ತಕಕ್ಕೆ ಹೋಗಬೇಡಿ. ಸೆನ್ಸಾರಿನವರು ಓದುತ್ತಾರೆಂದು ಗೊತ್ತಿದ್ದೂ ಬರೆದ ಮಾತುಗಳಿವು. ಸಂಕೋಚ, ತಪ್ಪುತಿಳಿವಳಿಕೆ, ಮದುವೆಯ ತಯಾರಿಯ ಸುದ್ದಿ ಎಲ್ಲ ಇದೆ. ಒಂದು ಪತ್ರದಲ್ಲಿ ಮಾರಿಯಾ ಬರೆಯುತ್ತಾಳೆ: ತನ್ನ ಕೋಣೆಯಲ್ಲಿ ಮಂಚದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಿದ್ದಾಳೆ, ಅವನ ಸೆರೆಕೋಣೆ ಎಷ್ಟಿರಬಹುದೋ ಹೆಚ್ಚುಕಡಿಮೆ ಅಷ್ಟಕ್ಕೆ. ಅದರೊಳಗೆ ಒಂದು ಮೇಜು, ಒಂದು ಕುರ್ಚಿ ಇಟ್ಟಿದ್ದಾಳೆ, ಅವನಲ್ಲಿ ಹೀಗಿರಬಹುದೆಂದು ಎಣಿಸಿಕೊಂಡು. ಅಲ್ಲಿ ಕೂತಾಗ ಅವನ ಜೊತೆಗೇ ಇದ್ದಂತೆ ಅನ್ನಿಸುತ್ತದೆ ಅನ್ನುತ್ತಾಳೆ.